ಮೊದಲು ನಿಮ್ಮ ನೋಟ್‌ಬುಕ್, ಆಮೇಲೆ ಚಾಟ್‌ಬಾಟ್

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್, ನೀವು ಯಾವುದನ್ನೇ ಬಳಸಿ, ಅದನ್ನು ತೆರೆದು "ಮಳೆಯ ಬಗ್ಗೆ ಅಕ್ಕಮಹಾದೇವಿಯ ಒಂದು ವಚನ ಕೊಡು" ಅಂತ ಕೇಳಿ. ಕಣ್ಣು ಮಿಟುಕಿಸುವಷ್ಟರಲ್ಲಿ ಐದಾರು ಸಾಲು ಬರುತ್ತದೆ. ಕೊನೆಗೆ ಚೆನ್ನಮಲ್ಲಿಕಾರ್ಜುನ ಅನ್ನುವ ಅಂಕಿತವೂ ಇರುತ್ತದೆ. ಜೋರಾಗಿ ಓದಿದರೆ ವಚನದ ಹಾಗೇ ಕೇಳಿಸುತ್ತದೆ. ಈಗ ಅದರ ಮೊದಲ ಸಾಲನ್ನು, ವಚನಗಳನ್ನು ಒಟ್ಟಿಗೆ ಹುಡುಕಲು ಸಿಗುವ ವಚನ ಸಂಚಯ ಜಾಲತಾಣದಲ್ಲಿ ಹಾಕಿ ಹುಡುಕಿ. ಎಷ್ಟೋ ಸಲ ಅದು ಅಲ್ಲಿ ಸಿಗುವುದಿಲ್ಲ. ಅಕ್ಕ ಅದನ್ನು ಹೇಳಿಯೇ ಇಲ್ಲ, ಸಿಗುವುದು ಎಲ್ಲಿಂದ?

ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ಸೆಮಿಸ್ಟರ್ ಶುರುವಿನಲ್ಲಿ ಇದನ್ನು ಕ್ಲಾಸಿನಲ್ಲೇ ಮಾಡಿಸುತ್ತೇನೆ. ಚಾಟ್‌ಬಾಟ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಒಂದು ಗಂಟೆ ಪಾಠದಲ್ಲಿ ತಿಳಿಯದೆ ಇದ್ದರೂ ಇದರಲ್ಲಿ ಐದು ನಿಮಿಷಕ್ಕೆ ತಿಳಿಯುತ್ತದೆ. ಅದರ ಒಳಗೆ ವಚನಗಳ ಕಪಾಟು ಇಲ್ಲ. ಅದು ರಾಶಿ ರಾಶಿ ಬರಹ ಓದಿ, ಒಂದು ಪದ ಆದಮೇಲೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುವುದನ್ನು ಕಲಿತಿದೆ. ಅಕ್ಕನ ವಚನ ಅಂದಾಗ ಕೊನೆಗೆ ಆ ಅಂಕಿತ ಬರಬೇಕು ಅನ್ನುವುದು ಅದಕ್ಕೆ ಗೊತ್ತು, ಬಸವಣ್ಣ ಅಂದರೆ ಕೂಡಲಸಂಗಮದೇವ, ಅಲ್ಲಮ ಅಂದರೆ ಗುಹೇಶ್ವರ ಅನ್ನುವುದೂ ಗೊತ್ತು. ಆ ಅಚ್ಚಿನಲ್ಲಿ ಅದು ಹೊಸದೊಂದನ್ನು ಎರಕ ಹೊಯ್ದು ಕೊಡುತ್ತದೆ. ನಿಜವಾದ ವಚನ ನೆನಪಿದ್ದಾಗ ಯಾವ ಧೈರ್ಯದಲ್ಲಿ ಹೇಳುತ್ತದೋ, ಇಲ್ಲದ್ದನ್ನೂ ಅದೇ ಧೈರ್ಯದಲ್ಲಿ ಹೇಳುತ್ತದೆ. ಓದುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಹಾಗಂತ ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ನಾನೇ ದಿನಾ ಬಳಸುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಕ್ರಮದ ಮಾತು. ಯಾವುದು ಮೊದಲು, ಯಾವುದು ಆಮೇಲೆ. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಚಾಟ್‌ಬಾಟ್ ಇದ್ದರೂ ನಿಮ್ಮ ಓದು ಕೆಡುತ್ತದೆ.

ಟೈಪ್ ಮಾಡುವ ಮುಂಚೆ

ಅಸೈನ್‌ಮೆಂಟ್ ಬಂತು ಅಂದುಕೊಳ್ಳಿ. ವಿಷಯ: ಬೆಂಗಳೂರಿನ ಕೆರೆಗಳು. ಫೋನ್ ಕೈಗೆತ್ತಿಕೊಳ್ಳುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಹದಿನೈದು ನಿಮಿಷ ಸಾಕು. ನಿಮಗೆ ಈಗಾಗಲೇ ಏನು ಗೊತ್ತು, ಏನು ಗೊತ್ತಿಲ್ಲ, ನಿಮಗೆ ನಿಜವಾಗಿ ಏನು ತಿಳಿಯಬೇಕು ಅನ್ನಿಸುತ್ತದೆ, ಇಷ್ಟನ್ನು ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ, ಕನ್ನಡ ಇಂಗ್ಲಿಷ್ ಬೆರೆತರೂ ಪರವಾಗಿಲ್ಲ. "ದಿನಾ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುತ್ತೇನೆ, ಅಲ್ಲಿ ಮುಂಚೆ ಕೆರೆ ಇತ್ತಂತೆ, ಅದು ಹೇಗೆ ಬತ್ತಿತು?" ಇಂಥ ಒಂದು ಸಾಲು ನಿಮ್ಮ ಹಾಳೆಯಲ್ಲಿ ಬಂದರೆ ಅರ್ಧ ಪ್ರಾಜೆಕ್ಟ್ ಆದಂತೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮೊದಲೇ ಚಾಟ್‌ಬಾಟ್ ಹತ್ತಿರ ಹೋದವರೆಲ್ಲರ ಅಸೈನ್‌ಮೆಂಟ್ ಒಂದೇ ಥರ ಇರುತ್ತದೆ. ಪೀಠಿಕೆ, ಮಹತ್ವ, ಸವಾಲುಗಳು, ಪರಿಹಾರಗಳು, ಉಪಸಂಹಾರ. ನಲವತ್ತು ಜನ ಸಲ್ಲಿಸಿದರೆ ಮೂವತ್ತರಲ್ಲಿ "ಕೆರೆಗಳು ನಗರದ ಜೀವನಾಡಿ" ಅಂತಿರುತ್ತದೆ. ಮೆಜೆಸ್ಟಿಕ್ ಪ್ರಶ್ನೆ ಅದರಲ್ಲಿ ಹುಟ್ಟುವುದಿಲ್ಲ, ಅದು ಹುಟ್ಟುವುದು ದಿನಾ ಅಲ್ಲಿ ಬಸ್ಸಿಗೆ ಕಾಯುವವರಿಗೆ. ಒಮ್ಮೆ ಸಿದ್ಧ ಉತ್ತರ ಓದಿದ ಮೇಲೆ ನಿಮ್ಮ ತಲೆಯಲ್ಲಿದ್ದ ಅರೆಬರೆ ಯೋಚನೆ ಸುಮ್ನೆ ಅಳಿಸಿಹೋಗುತ್ತದೆ. ಆ ಅರೆಬರೆಯೇ ನಿಮ್ಮದು. ಅದನ್ನು ಮೊದಲು ಹಾಳೆಗಿಳಿಸಿ ಉಳಿಸಿಕೊಳ್ಳಿ.

ದಾರಿ ಕೇಳಲು ಬಳಸಿ

ಹಾಳೆ ತುಂಬಿದ ಮೇಲೆ ಚಾಟ್‌ಬಾಟ್ ತೆರೆಯಿರಿ. ಈಗ ಅದು ಒಳ್ಳೆಯ ಕೆಲಸಗಾರ. ನಾನು ಹೇಳಿಕೊಡುವ ಒಂದು ಪ್ರಶ್ನೆ ಹೀಗಿರುತ್ತದೆ: "ಧರ್ಮಾಂಬುಧಿ ಕೆರೆ ಇದ್ದ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣ ಆದದ್ದರ ಬಗ್ಗೆ ನಾನು ಬರೆಯುತ್ತಿದ್ದೇನೆ. ನೀನು ಪ್ರಬಂಧ ಬರೆಯಬೇಡ. ನಾನು ಯಾವ ಉಪಪ್ರಶ್ನೆ ಕೇಳಿಕೊಳ್ಳಬೇಕು, ಯಾವ ಥರದ ದಾಖಲೆ ನೋಡಬೇಕು, ಹುಡುಕುವಾಗ ಯಾವ ಪದ ಹಾಕಬೇಕು, ಅಷ್ಟು ಹೇಳು."

ಹುಡುಕುವ ಪದದ ವಿಷಯ ಸಣ್ಣದಲ್ಲ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ನಮ್ಮ ಕೆರೆಗೆ "ಲೇಕ್" ಅನ್ನುವುದಕ್ಕಿಂತ "ಟ್ಯಾಂಕ್" ಅಂತ ಬರೆದಿರುವುದೇ ಹೆಚ್ಚು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯನ್ನು ಇವತ್ತಿಗೂ ಸ್ಯಾಂಕಿ ಟ್ಯಾಂಕ್ ಅಂತಲೇ ಕರೆಯುತ್ತೇವೆ, ಅಲ್ವಾ? ನೀವು ಲೇಕ್ ಅಂತ ಮಾತ್ರ ಹುಡುಕಿದರೆ ಅರ್ಧ ದಾಖಲೆ ಕಣ್ಣಿಗೇ ಬೀಳುವುದಿಲ್ಲ. ಇಂಥ ಬದಲಿ ಪದ, ಹಳೆಯ ಕಾಗುಣಿತ, ಸಂಬಂಧಪಟ್ಟ ಇಲಾಖೆಯ ಹೆಸರು, ಇವನ್ನು ಒಟ್ಟುಹಾಕಿ ಕೊಡುವುದರಲ್ಲಿ ಚಾಟ್‌ಬಾಟ್ ಜಾಣ. ಒಂದೆರಡು ತಪ್ಪಿದ್ದರೂ ನಷ್ಟ ಇಲ್ಲ, ಹುಡುಕಿದಾಗ ಏನೂ ಸಿಗುವುದಿಲ್ಲ ಅಷ್ಟೆ.

ಆ ಪದಗಳನ್ನು ಹಿಡಿದು ನೀವೇ ಹೊರಡಬೇಕು. ಕಬ್ಬನ್ ಪಾರ್ಕಿನ ಒಳಗಿನ ಕೆಂಪು ಕಟ್ಟಡ ಗೊತ್ತಲ್ಲ, ರಾಜ್ಯ ಕೇಂದ್ರ ಗ್ರಂಥಾಲಯ, ಅಲ್ಲಿ ಒಂದು ಬೆಳಗ್ಗೆ ಕೂತು ನೋಡಿ. ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ ಇದೆ, ಬೆಂಗಳೂರಿನ ಇತಿಹಾಸ, ಶಾಸನ ಅಂದರೆ ಅಲ್ಲಿಗೆ ಹೋಗಲೇಬೇಕು. ಮನೆಯಲ್ಲೇ ಕೂತು ನೋಡುವುದಾದರೆ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳು ಉಚಿತವಾಗಿ ಓದಲು ಸಿಗುತ್ತವೆ. ಐಐಟಿ ಖರಗ್‌ಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಲೈಬ್ರರಿ ಇದೆ. ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಪಿಎಚ್‌.ಡಿ ಪ್ರಬಂಧ ಸಿಕ್ಕಿತು ಅನ್ನಿ, ಅದರ ಕೊನೆಯಲ್ಲಿರುವ ಗ್ರಂಥಋಣದ ಪಟ್ಟಿ ಚಾಟ್‌ಬಾಟ್ ಕೊಡುವ ಯಾವ ಪಟ್ಟಿಗಿಂತಲೂ ಬೆಲೆಬಾಳುತ್ತದೆ. ಅದನ್ನು ಒಬ್ಬರು ವರ್ಷಗಟ್ಟಲೆ ಓದಿ ಮಾಡಿರುತ್ತಾರೆ.

ಚಾಟ್‌ಬಾಟ್ ಹೇಳಿದ ಒಂದು ಸಂಗತಿಯನ್ನು ನೇರವಾಗಿ ನಿಮ್ಮ ಬರಹಕ್ಕೆ ಇಳಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವಾಗಿನದು, ಇದಕ್ಕೆ ಏನು ಸಾಕ್ಷಿ? ಬೆಂಗಳೂರು ಅನ್ನುವ ಹೆಸರು ಹೇಗೆ ಬಂತು ಅಂತ ನಾನು ಕೇಳಿದಾಗ ಮೊದಲು ಬಂದದ್ದು ಬೆಂದ ಕಾಳಿನ ಕಥೆ. ಬೇಟೆಯಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳ, ಕಾಳು ಬೇಯಿಸಿ ಕೊಟ್ಟ ಅಜ್ಜಿ. ಕಥೆ ಚೆನ್ನಾಗಿದೆ, ಎಲ್ಲ ಕಡೆ ಇದೆ, ಎಲ್ಲ ಕಡೆ ಇರುವುದರಿಂದಲೇ ಚಾಟ್‌ಬಾಟ್ ಬಾಯಿಗೆ ಮೊದಲು ಬರುತ್ತದೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಕ್ರಿ.ಶ. ಸುಮಾರು 890ರ ಒಂದು ವೀರಗಲ್ಲು ಇದೆ, ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅವನು ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಹೆಚ್ಚು ಮುಂಚೆಯೇ ಈ ಹೆಸರು ಕಲ್ಲಿನ ಮೇಲೆ ಇತ್ತು. ಬೇಗೂರು ದೂರ ಏನಿಲ್ಲ, ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಕಣ್ಣಾರೆ ನೋಡಿ ಬರಬಹುದು.

ಅಂಕಿಗಳ ವಿಷಯದಲ್ಲೂ ಇದೇ. ಬೆಂಗಳೂರಿನ ಜನಸಂಖ್ಯೆ ಕೇಳಿದರೆ ಒಂದು ದೊಡ್ಡ ಸಂಖ್ಯೆ ಹೇಳಿಬಿಡುತ್ತದೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಎಣಿಸಿದ್ದು 96,21,551 ಜನರನ್ನು. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಯಿತು. ಹಾಗಾಗಿ ಆ ನಂತರದ ವರ್ಷಗಳಿಗೆ ಅದು ಹೇಳುವ ಸಂಖ್ಯೆ ಯಾರೋ ಮಾಡಿದ ಅಂದಾಜು. ಅಂದಾಜು ಬಳಸಬಾರದು ಅಂತಿಲ್ಲ, ಯಾರ ಅಂದಾಜು, ಯಾವ ವರ್ಷದ್ದು, ನಗರದ್ದೋ ಜಿಲ್ಲೆಯದ್ದೋ ಅಂತ ಬರೆದು ಬಳಸಿ.

ರೆಫರೆನ್ಸ್ ಕೊಟ್ಟರೆ ನಂಬುವ ಮುಂಚೆ

ಸೆಮಿನಾರ್ ರಿಪೋರ್ಟ್‌ಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದು, ಮನಸ್ಸಿಗೆ ತುಂಬಾ ನೋವು ಕೊಡುವುದೂ ಇದೇ. ಒಮ್ಮೆ ವೈವಾದಲ್ಲಿ ಒಬ್ಬ ಹುಡುಗಿಗೆ, "ಈ ಎಂಟನೇ ಪುಸ್ತಕ ನಿಮಗೆ ಎಲ್ಲಿ ಸಿಕ್ಕಿತಮ್ಮ, ನನಗೂ ಬೇಕಿತ್ತು" ಅಂತ ಕೇಳಿದೆ. ನಿಜವಾಗಿಯೂ ಬೇಕಾಗಿತ್ತು, ಅಷ್ಟು ಚೆನ್ನಾಗಿತ್ತು ಶೀರ್ಷಿಕೆ. ಅವಳ ಮುಖ ಬಾಡಿತು. ಅಂಥ ಪುಸ್ತಕ ಇರಲೇ ಇಲ್ಲ. ಅವಳು ಮೋಸ ಮಾಡಬೇಕು ಅಂತ ಮಾಡಿರಲಿಲ್ಲ, ಚಾಟ್‌ಬಾಟ್ ಕೊಟ್ಟ ಪಟ್ಟಿ ನಿಜ ಅಂದುಕೊಂಡಿದ್ದಳು.

ಇದು ಓದುತ್ತಿರುವ ಮಕ್ಕಳಿಗೆ ಮಾತ್ರ ಆಗುವುದಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಒಂದು ವಿಮಾನ ಕಂಪನಿಯ ಮೇಲಿನ ಮೊಕದ್ದಮೆಯಲ್ಲಿ ಚಾಟ್‌ಜಿಪಿಟಿ ಹೇಳಿದ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ಅದರಲ್ಲಿ ಆರು ತೀರ್ಪುಗಳು ಇರಲೇ ಇಲ್ಲ. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಇದರಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ: ಆ ವಕೀಲರಲ್ಲಿ ಒಬ್ಬರು "ಈ ತೀರ್ಪು ನಿಜಾನಾ" ಅಂತ ಚಾಟ್‌ಬಾಟನ್ನೇ ಕೇಳಿದ್ದರು, ಅದು ಹೌದು ಅಂದಿತ್ತು. ಹಾಗಾಗಿ ಪರೀಕ್ಷೆಯನ್ನು ಅದರ ಕೈಲೇ ಮಾಡಿಸಬೇಡಿ.

ಪರೀಕ್ಷೆ ಮಾಡುವುದು ಕಷ್ಟವಿಲ್ಲ, ಒಂದಕ್ಕೆ ಎರಡು ನಿಮಿಷ. ಲೇಖನದ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಡಿಒಐ, ಅಂದರೆ ಲೇಖನದ ಗುರುತಿನ ಸಂಖ್ಯೆ, ಕೊಟ್ಟಿದ್ದರೆ ಡಿಒಐ ಜಾಲತಾಣದಲ್ಲಿ ಹಾಕಿ ನೋಡಿ, ಅದು ಅದೇ ಲೇಖನಕ್ಕೆ ಹೋಗಬೇಕು, ಬೇರೆ ಯಾವುದಕ್ಕೋ ಹೋದರೆ ಪಟ್ಟಿಯ ಉಳಿದವನ್ನೂ ಅನುಮಾನದಿಂದ ನೋಡಿ. ಕೆಲವು ಸಲ ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಸುಳ್ಳು. ಇನ್ನು ಕೆಲವು ಸಲ ಎಲ್ಲವೂ ನಿಜ, ಆದರೆ ಆ ಲೇಖನ ಹೇಳಿದ್ದೇ ಬೇರೆ. ಅದಕ್ಕೇ ಲೇಖನವನ್ನು ತೆರೆದು, ನೀವು ಬಳಸುವ ಮಾತು ಯಾವ ಪುಟದಲ್ಲಿದೆ ಅಂತ ಕಂಡುಕೊಂಡು, ಆ ಪುಟದ ಸಂಖ್ಯೆ ಬರೆದುಕೊಳ್ಳಿ. ಪುಟ ಸಂಖ್ಯೆ ಬರೆಯಲು ಆಗದಿದ್ದರೆ ಅದು ನೀವು ಓದಿದ ರೆಫರೆನ್ಸ್ ಅಲ್ಲ, ಪಟ್ಟಿಯಿಂದ ತೆಗೆಯಿರಿ. ಹದಿನೈದು ಹೆಸರಿಗಿಂತ ಓದಿದ ನಾಲ್ಕು ಸಾಕು.

ಈಗಿನ ಚಾಟ್‌ಬಾಟ್‌ಗಳು ವೆಬ್ ಹುಡುಕಿ ಲಿಂಕ್ ಕೂಡ ಕೊಡುತ್ತವೆ. ಒಳ್ಳೆಯದೇ. ಆದರೂ ಲಿಂಕ್ ಒತ್ತಿ ಒಳಗೆ ಹೋಗಿ ಓದಿ. ದೊಡ್ಡ ಪಿಡಿಎಫ್ ಹಾಕಿ ಸಾರಾಂಶ ಕೇಳುವವರಿಗೂ ಇದೇ ಮಾತು: ಮೊದಲು ಪೀಠಿಕೆ ಮತ್ತು ಕೊನೆಯ ಭಾಗವನ್ನು ನೀವೇ ಓದಿ, ಆಮೇಲೆ ಸಾರಾಂಶ ಕೇಳಿ. ಲೇಖಕರು "ಇದು ಎರಡು ವಾರ್ಡ್‌ಗಳಲ್ಲಿ ಮಾತ್ರ ಕಂಡದ್ದು" ಅಂತ ಎಚ್ಚರಿಕೆಯಿಂದ ಬರೆದಿರುತ್ತಾರೆ, ಸಾರಾಂಶದಲ್ಲಿ ಅದು ಇಡೀ ಬೆಂಗಳೂರಿಗೆ ಅನ್ವಯಿಸಿಬಿಟ್ಟಿರಬಹುದು.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಇದು ನನಗೆ ತುಂಬಾ ಹತ್ತಿರದ ವಿಷಯ. ಕೋಲಾರ, ಮಾಗಡಿ, ಶಿರಾ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುವ ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಠ್ಯದ ಮುಂದೆ ಕೂತು ಅಳುವುದನ್ನು ನೋಡಿದ್ದೇನೆ. ಕ್ಲಾಸಿನಲ್ಲಿ ಕೈ ಎತ್ತಿ ಕೇಳಲು ಸಂಕೋಚ, ಟ್ಯೂಷನ್‌ಗೆ ದುಡ್ಡಿಲ್ಲ. ಅಂಥವರಿಗೆ ರಾತ್ರಿ ಹನ್ನೊಂದಕ್ಕೆ ಅದೇ ಪ್ರಶ್ನೆಯನ್ನು ಏಳು ಸಲ ಕೇಳಿದರೂ ಬೇಸರ ಮಾಡಿಕೊಳ್ಳದ ಒಂದು ಸಾಧನ ಸಿಕ್ಕಿದೆ. ಧೈರ್ಯವಾಗಿ ಬಳಸಿ.

ಹೀಗೆ ಕೇಳಿ: "ನಾನು ಪಿಯುಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಆಪರ್ಚುನಿಟಿ ಕಾಸ್ಟ್ ಅಂದರೆ ಏನು ಅಂತ ಸರಳ ಕನ್ನಡದಲ್ಲಿ ಹೇಳು. ಪಾರಿಭಾಷಿಕ ಪದ ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ." ಓದಿದ ಮೇಲೆ ಫೋನ್ ಮಗುಚಿ ಇಟ್ಟು, ನಿಮ್ಮದೇ ಉದಾಹರಣೆಯೊಂದನ್ನು ಬರೆಯಿರಿ. ಭಾನುವಾರ ಕೇಟರಿಂಗ್ ಕೆಲಸಕ್ಕೆ ಹೋದರೆ ಸಿಗುವ ಕೂಲಿ, ಹೋಗದೆ ಇಂಟರ್ನಲ್ಸ್‌ಗೆ ಓದಿದರೆ ಆ ಓದಿಗೆ ನೀವು ತೆತ್ತ ಬೆಲೆ. ಹೀಗೆ ನಿಮ್ಮ ಬದುಕಿನಿಂದ ಉದಾಹರಣೆ ಹುಟ್ಟಿದರೆ ವಿಷಯ ಅರ್ಥವಾಗಿದೆ ಅಂತ ಲೆಕ್ಕ.

ಎರಡು ಎಚ್ಚರಿಕೆ. ಚಾಟ್‌ಬಾಟ್‌ಗಳು ಓದಿ ಕಲಿತ ಬರಹದಲ್ಲಿ ಇಂಗ್ಲಿಷ್ ಪಾಲು ದೊಡ್ಡದು, ಕನ್ನಡದ್ದು ತೀರಾ ಕಡಿಮೆ. ಹಾಗಾಗಿ ಕೆಲವು ಸಲ ಯಾವ ಪಠ್ಯದಲ್ಲೂ ಇಲ್ಲದ ಕನ್ನಡ ಪದವನ್ನು ಅದೇ ಹೊಸೆದು ಕೊಡುತ್ತದೆ. ಪರೀಕ್ಷೆಯಲ್ಲಿ ಬರೆಯುವ ಪದವನ್ನು ನಿಮ್ಮ ಪಠ್ಯಪುಸ್ತಕದಲ್ಲೋ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದವರ ಭಾರತವಾಣಿಯ ನಿಘಂಟುಗಳಲ್ಲೋ ನೋಡಿ ಖಚಿತ ಮಾಡಿಕೊಳ್ಳಿ. ಎರಡನೆಯದು ಇಂಗ್ಲಿಷ್ ತಿದ್ದಿಸುವ ವಿಷಯ. "ಇದನ್ನು ಚೆನ್ನಾಗಿ ಬರೆದು ಕೊಡು" ಅನ್ನಬೇಡಿ. "ತಪ್ಪುಗಳನ್ನು ತೋರಿಸು, ಯಾಕೆ ತಪ್ಪು ಅಂತ ಕನ್ನಡದಲ್ಲಿ ಹೇಳು, ತಿದ್ದುವುದು ನಾನು" ಅನ್ನಿ. ನಿಮ್ಮ ಬಾಯಲ್ಲಿ ಬರದ ಇಂಗ್ಲಿಷ್ ನಿಮ್ಮ ರಿಪೋರ್ಟ್‌ನಲ್ಲಿದ್ದರೆ ವೈವಾದ ಮೊದಲ ಪ್ರಶ್ನೆಗೇ ಗೊತ್ತಾಗುತ್ತದೆ. ತಪ್ಪಿರುವ ನಿಮ್ಮ ವಾಕ್ಯಕ್ಕೆ ನಾನು ಮಾರ್ಕ್ಸ್ ಕೊಡಬಲ್ಲೆ. ಅರ್ಥ ಹೇಳಲಾಗದ ಸುಂದರ ವಾಕ್ಯಕ್ಕೆ ಹೇಗೆ ಕೊಡಲಿ?

ಪರೀಕ್ಷೆಗೆ ಓದುವಾಗಲೂ ಅದರಿಂದ ಉತ್ತರ ತೆಗೆದುಕೊಳ್ಳುವುದಕ್ಕಿಂತ ಪ್ರಶ್ನೆ ತೆಗೆದುಕೊಳ್ಳಿ. ನಿಮ್ಮ ನೋಟ್ಸ್‌ನ ಒಂದು ಅಧ್ಯಾಯ ಹಾಕಿ, "ಇದರ ಮೇಲೆ ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರ ಕೊಡುವ ತನಕ ಸರಿ ಉತ್ತರ ಹೇಳಬೇಡ" ಅನ್ನಿ. ನೀವು ತಡವರಿಸಿದ ಜಾಗವನ್ನು ಪಠ್ಯದಲ್ಲಿ ಮತ್ತೆ ಓದಿ. ಲೆಕ್ಕದ ವಿಷಯ ಇದ್ದರೆ ಅದರ ಕೂಡುವಿಕೆ, ಭಾಗಾಕಾರವನ್ನು ಕ್ಯಾಲ್ಕುಲೇಟರ್‌ನಲ್ಲಿ ಮತ್ತೊಮ್ಮೆ ಮಾಡಿ.

ನಿಯಮ, ರುಜುವಾತು

ಅಸೈನ್‌ಮೆಂಟ್ ಶುರು ಮಾಡುವ ಮುಂಚೆಯೇ ನಿಮ್ಮ ಮೇಡಂ ಅಥವಾ ಸರ್ ಹತ್ತಿರ ಕೇಳಿ: ಎಐ ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು? ಒಂದೇ ಕಾಲೇಜಿನಲ್ಲಿ ಒಬ್ಬರು ಭಾಷೆ ತಿದ್ದಿಸಲು ಬಿಡುತ್ತಾರೆ, ಇನ್ನೊಬ್ಬರು ಅದನ್ನೂ ಬಿಡುವುದಿಲ್ಲ. ಬಳಸಿದ್ದರೆ ಬರೆದುಬಿಡಿ. "ಉಪಪ್ರಶ್ನೆಗಳನ್ನು ಹೊಂದಿಸಲು ಮತ್ತು ವ್ಯಾಕರಣ ತಪ್ಪು ಹುಡುಕಲು ಚಾಟ್‌ಜಿಪಿಟಿ ಬಳಸಿದ್ದೇನೆ. ಮಾಹಿತಿಯನ್ನು ಮೂಲಗಳಲ್ಲಿ ನಾನೇ ಪರಿಶೀಲಿಸಿದ್ದೇನೆ." ಎರಡು ಸಾಲು, ಜೊತೆಗೆ ಬಳಸಿದ ತಿಂಗಳು. ಆದರೆ ಚಾಟ್‌ಬಾಟ್ ಹೆಸರನ್ನು ಸಹಲೇಖಕ ಅಂತ ಹಾಕಬೇಡಿ. ನೇಚರ್, ಸೈನ್ಸ್‌ನಂಥ ಪತ್ರಿಕೆಗಳು 2023ರ ಜನವರಿಯಲ್ಲೇ ಇದನ್ನು ಒಪ್ಪುವುದಿಲ್ಲ ಅಂದಿವೆ. ತಪ್ಪಾದರೆ ಉತ್ತರ ಕೊಡಲು ಅದಕ್ಕೆ ಆಗುವುದಿಲ್ಲವಲ್ಲ.

ಪಿಎಚ್‌.ಡಿ, ಡಿಸರ್ಟೇಷನ್ ಬರೆಯುವವರು ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮಗಳನ್ನು ಓದಿಕೊಳ್ಳಿ. ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ 6 ತಿಂಗಳ ಒಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದು ಹೋಲಿಕೆಯ ಲೆಕ್ಕ. ಚಾಟ್‌ಬಾಟ್ ಬರೆದ ಪಠ್ಯಕ್ಕೆ ಹೋಲಿಕೆ ಶೇ. 4 ಬಂದರೂ ಅದು ನಿಮ್ಮ ಬರಹ ಆಗುವುದಿಲ್ಲ.

ನೀವೇ ಬರೆದಿದ್ದರೂ "ಇದು ಎಐ ಬರೆದದ್ದು" ಅಂತ ಯಾವುದೋ ಸಾಫ್ಟ್‌ವೇರ್ ಹೇಳಬಹುದು. ಓಪನ್‌ಎಐ ತಾನೇ ಮಾಡಿದ ಇಂಥದ್ದೊಂದು ಪತ್ತೆ ಸಾಧನವನ್ನು ಸರಿಯಾಗಿ ಪತ್ತೆ ಹಚ್ಚುವುದಿಲ್ಲ ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವು ತಪ್ಪಾಗಿ ಎಐ ಬರಹ ಅಂದಿದ್ದವು. ಅಂದರೆ ನಮ್ಮಂಥವರೇ ಜಾಸ್ತಿ ಸಿಕ್ಕಿಬೀಳುತ್ತೇವೆ. ಅದಕ್ಕೆ ರುಜುವಾತು ಇಟ್ಟುಕೊಳ್ಳಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವ ದಿನ ಏನು ಬರೆದಿರಿ, ಏನು ಅಳಿಸಿದಿರಿ ಅನ್ನುವುದೆಲ್ಲ ವರ್ಷನ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಮೊದಲ ದಿನದ ಆ ಹಾಳೆಯನ್ನೂ ಎಸೆಯಬೇಡಿ. ಅದರ ಫೋಟೊ ತೆಗೆದಿಡಿ. ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು: ಸಾಫ್ಟ್‌ವೇರ್ ಕೊಟ್ಟ ಶೇಕಡಾವಾರು ನೋಡಿ ಮಗುವನ್ನು ತಪ್ಪಿತಸ್ಥ ಅನ್ನುವ ಮುಂಚೆ ಕೂರಿಸಿಕೊಂಡು ಹತ್ತು ನಿಮಿಷ ಮಾತಾಡಿಸಿ.

ಬೇರೆಯವರ ಮಾತು ನಿಮ್ಮ ಕೈಯಲ್ಲಿದ್ದಾಗ

ಬಿಎಸ್‌ಡಬ್ಲ್ಯು, ಸಮಾಜಶಾಸ್ತ್ರ, ಪತ್ರಿಕೋದ್ಯಮದ ಮಕ್ಕಳು ಕೆ.ಆರ್. ಮಾರ್ಕೆಟ್‌ಗೆ ಹೋಗಿ ಹೂವಿನವರನ್ನು ಮಾತಾಡಿಸಿ ಬರುತ್ತಾರೆ. ಸಾಲ ಎಷ್ಟು, ಗಂಡ ದುಡಿಯುತ್ತಾನಾ, ಪೊಲೀಸರು ಎಬ್ಬಿಸುತ್ತಾರಾ, ಎಲ್ಲ ಕೇಳುತ್ತಾರೆ. "ಅಕ್ಕಾ, ನಿಮ್ಮ ಹೆಸರು ಎಲ್ಲೂ ಬರಲ್ಲ" ಅಂತ ಮಾತು ಕೊಟ್ಟಿರುತ್ತಾರೆ. ರಾತ್ರಿ ರೂಮಿಗೆ ಬಂದು ಆ ನೋಟ್ಸ್ ಪೂರ್ತಿ, ಹೆಸರು ಫೋನ್ ನಂಬರ್ ಸಮೇತ, ಚಾಟ್‌ಬಾಟ್‌ಗೆ ಹಾಕಿ "ಮುಖ್ಯ ಅಂಶ ತೆಗೆದು ಕೊಡು" ಅನ್ನುತ್ತಾರೆ. ಅಲ್ಲಿಗೆ ಕೊಟ್ಟ ಮಾತು ಮುರಿಯಿತು. ನೀವು ಹಾಕಿದ್ದು ಆ ಕಂಪನಿಯ ಸರ್ವರ್‌ಗೆ ಹೋಗುತ್ತದೆ, ಮುಂದಿನ ಮಾಡೆಲ್ ತರಬೇತಿಗೂ ಬಳಕೆಯಾಗಬಹುದು. ತರಬೇತಿಗೆ ಬಳಸದಂತೆ ಮಾಡುವ ಆಯ್ಕೆ ಎಷ್ಟೋ ಚಾಟ್‌ಬಾಟ್‌ಗಳ ಸೆಟ್ಟಿಂಗ್ಸ್‌ನಲ್ಲಿ ಇದೆ, ಅದನ್ನು ಮೊದಲು ಹುಡುಕಿ, ತರಬೇತಿಗೆ ಬಳಸುವುದನ್ನು ಆಫ್ ಮಾಡಿ. ಆಫ್ ಮಾಡಿದ ಮೇಲೂ ಹೆಸರು, ನಂಬರ್, ಆಧಾರ್, ಮನೆ ಇರುವ ಬೀದಿ, ಅಂಗಡಿಯ ಜಾಗ, ಯಾವುದನ್ನೂ ಹಾಕಬೇಡಿ. ಹೆಸರಿನ ಜಾಗದಲ್ಲಿ "ವ್ಯಾಪಾರಿ 1", "ವ್ಯಾಪಾರಿ 2" ಅಂತ ಮಾಡಿಕೊಳ್ಳಿ. ಯಾರು ಯಾವ ಸಂಖ್ಯೆ ಅನ್ನುವುದನ್ನು ಬೇರೊಂದು ನೋಟ್‌ಬುಕ್‌ನಲ್ಲಿ ಪೆನ್ನಿನಲ್ಲಿ ಬರೆದು, ಟ್ರಂಕಿನೊಳಗೆ ಬೀಗ ಹಾಕಿಡಿ.